ಸಪ್ಪಲಮ್ಮನ ಕತ್ತು

20-1-1969, ಸೋಮವಾರ. ಹುಣಸೆಪಾಳ್ಯ

ತೂಬಗೆರೆವರೆಗೆ ಬಸ್ಸು, ಅಲ್ಲಿಂದ ಎತ್ತಿನ ಗಾಡಿ. ಸೊಂಟ ಬಿದ್ದುಹೋಗಿದೆ. ಉಳಿದುಕೊಳ್ಳಲು ಶಾಲೆಯ ಒಂದು ಕೋಣೆ ಕೊಟ್ಟಿದ್ದಾರೆ. ಗೋಡೆಯಲ್ಲಿ ಹರಿದ ಭೂಪಟ, ಮೂಲೆಯಲ್ಲಿ ಹೆಗ್ಗಣದ ಬಿಲ. ನಮ್ಮ ಪುರಾತತ್ವ ಇಲಾಖೆಯ ಫೋಟೋಗ್ರಾಫರ್ ಅನೀಸ್ ಅಹಮದ್ ಬಂದವನೇ ಚಾಪೆ ಹಾಸಿ ಗೊರಕೆ ಶುರು ಮಾಡಿದ. ಪುಣ್ಯವಂತ.

ಆದೇಶದ ಪ್ರತಿಯನ್ನು ಮತ್ತೊಮ್ಮೆ ತೆಗೆದು ಓದಿದೆ. ‘ಶ್ರೀ ಆದಿನಾರಾಯಣಪ್ಪ, ಶಿಲ್ಪ ತಜ್ಞರು.’ ಹದಿನೇಳು ವರ್ಷ ಬೇರೆಯವರ ವರದಿ ಟೈಪ್ ಮಾಡಿ, ಬೇರೆಯವರ ಹೆಸರಿಗೆ ಕಲ್ಲು ಓದಿಕೊಟ್ಟ ಮೇಲೆ ಸಿಕ್ಕಿದ ಪದ ಇದು. ಅದೂ ಆರು ತಿಂಗಳ ಮಟ್ಟಿಗೆ. ಈ ಹೋಬಳಿಯಲ್ಲಿರುವ ಹಳೆಯ ವಿಗ್ರಹಗಳ ಪಟ್ಟಿ ಮಾಡಿ ಮುಗಿಸಿದರೆ ಖಾಯಂ ಆಗುತ್ತದೆ. ಕುರಿ ಕಾಯುವವನ ಮಗ ತಜ್ಞನಾದ ಎಂದು ಕಚೇರಿಯಲ್ಲಿ ನಗುವವರಿದ್ದಾರೆ. ನಗಲಿ, ಜೂನ್ ತಿಂಗಳು ಬರಲಿ.

ಊರಿನವರಿಗೆ ನಾನು ‘ಕಲ್ಲು ಸಾಹೇಬ’. ಶಾಸನದ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಾರೆ, ವೀರಗಲ್ಲಿಗೆ ಕುಡುಗೋಲು ಮಸೆಯುತ್ತಾರೆ. ಇವರ ಅಜ್ಜಂದಿರ ಆಸ್ತಿಯನ್ನು ಇವರ ಕೈಯಿಂದಲೇ ಕಾಪಾಡುವುದು ನನ್ನ ಕೆಲಸ. ಮುಟ್ಠಾಳರು.

22-1-1969, ಬುಧವಾರ

ಕೆರೆ ಏರಿಯ ಕೆಳಗೆ ಸಪ್ಪಲಮ್ಮನ ಗುಡಿ ಇದೆ. ಹೆಂಚು ಹೊದಿಸಿದ ಒಂದೇ ಕೋಣೆ. ಒಳಗೆ ಎದೆಮಟ್ಟದ ದೇವಿ. ಮೈತುಂಬ ಮೇಣ, ಅರಿಶಿನ, ಕುಂಕುಮ; ಬೆಳ್ಳಿ ಕಣ್ಣು ಅಂಟಿಸಿದ ಮುಖ ಬಿಟ್ಟರೆ ಏನೂ ಕಾಣುವುದಿಲ್ಲ. ಆದರೆ ಎಡಗಿವಿಯ ಹತ್ತಿರ ಒಂದಿಷ್ಟು ಮೇಣ ಉದುರಿತ್ತು. ಅಲ್ಲಿ ಕಂಡ ಓಲೆಯ ಕೆತ್ತನೆಯನ್ನು ಮೂಗು ತಾಗುವಷ್ಟು ಬಗ್ಗಿ ನೋಡಿದೆ. ಇದು ನೊಳಂಬರ ಕಾಲದ ಕೆಲಸ ಅಲ್ಲದಿದ್ದರೆ ನಾನು ಉದ್ಯೋಗ ಬಿಡುತ್ತೇನೆ. ಸಾವಿರ ವರ್ಷ!

ಪೂಜೆ ಮಾಡುವವಳು ಮುನಿಗಂಗಮ್ಮ ಎಂಬ ಮುದುಕಿ. ಅರವತ್ತು ದಾಟಿದೆ, ಬಾಯಿ ಮಾತ್ರ ಇಪ್ಪತ್ತರದ್ದು. ಮೇಣ ತೆಗೆದು ನೋಡಬೇಕು ಅಂದೆ.

“ಮೈಮೇಲಿಂದು ಬಿಚ್ಚಿ ನೋಡಕ್ಕೆ ಅವ್ಳೇನ್ ಸಂತೆ ಕುರೀನಾ ಸಾಮಿ?” ಅಂದಳು.

ಸರ್ಕಾರದ ಆದೇಶ ತೋರಿಸಿದೆ. ಅವಳಿಗೆ ಓದಲು ಬರುವುದಿಲ್ಲ. ಓದಿ ಹೇಳಿದೆ. ಕೇಳಿಸಿಕೊಳ್ಳದೆ ಕಸ ಗುಡಿಸಿದಳು, ಬೇಕೆಂದೇ ನನ್ನ ಕಾಲಿನ ಕಡೆಗೆ.

ಪಂಚಾಯ್ತಿ ಛೇರ್ಮನ್ ಲಕ್ಷ್ಮಯ್ಯನನ್ನು ಹಿಡಿದೆ. ಗುಡಿ ಸರ್ಕಾರದ ಪಟ್ಟಿಗೆ ಸೇರಿದರೆ ತೂಬಗೆರೆಯಿಂದ ಟಾರು ರಸ್ತೆ ಬರಬಹುದು ಅಂದದ್ದೇ ತಡ, “ಶನಿವಾರ ಇಟ್ಕಳಿ ಸ್ವಾಮಿ, ಊರೋರನ್ನೆಲ್ಲ ಕರೆಸ್ತೀನಿ” ಅಂದ.

25-1-1969, ಶನಿವಾರ

ಇಂದು ಬರೆಯುವುದಕ್ಕೆ ಬಹಳ ಇದೆ.

ಬೆಳಿಗ್ಗೆ ಒಂಬತ್ತಕ್ಕೆ ಗುಡಿ ಮುಂದೆ ನೂರೈವತ್ತು ಜನ. ಮುದುಕಿ ಬಾಗಿಲಲ್ಲಿ ಅಡ್ಡ ಕೂತಿದ್ದಳು, ಲಕ್ಷ್ಮಯ್ಯ ಗದರಿಸಿ ಎಬ್ಬಿಸಿದ. ಬಿಸಿನೀರು, ಬಿದಿರಿನ ಚಕ್ಕೆ, ಹಳೆ ಪಂಚೆಯ ತುಂಡು. ಕಾಲಿನಿಂದ ಶುರು ಮಾಡಿದೆ. ಒಂದೊಂದು ಚಕ್ಕೆ ಮೇಣ ಏಳುವಾಗಲೂ ಕೆಳಗಿನ ಕಲ್ಲು ನಿನ್ನೆ ಕಡೆದಂತೆ ಕಾಣುತ್ತಿತ್ತು. ಗೆಜ್ಜೆ, ನಿರಿಗೆ, ನಡುಪಟ್ಟಿ. ಸೊಂಟದ ಬಳುಕು ನೋಡಿ ಅನೀಸ್ ಕೂಡ ಕ್ಯಾಮೆರಾದಿಂದ ಕಣ್ಣು ತೆಗೆದು, “ಯಾ ಅಲ್ಲಾ, ಯಾರ್ ಸಾಬ್ ಮಾಡ್ದೋನು!” ಅಂದ. ಹದಿನೇಳು ವರ್ಷದಲ್ಲಿ ಇಂಥದ್ದನ್ನು ನನ್ನ ಕೈಯಾರೆ ಮುಟ್ಟಿರಲಿಲ್ಲ. ಒಂದೊಂದು ನಿರಿಗೆಯನ್ನೂ ಬೇಕಾದ್ದಕ್ಕಿಂತ ಎರಡು ಸಲ ಹೆಚ್ಚು ಒರೆಸಿದೆ. ಒಪ್ಪಿಕೊಳ್ಳುತ್ತೇನೆ.

ಕತ್ತಿನ ಸುತ್ತ ಮೇಣ ಬೆರಳು ದಪ್ಪ ಇತ್ತು. ಅದರೊಳಗೆ ಬಟ್ಟೆಯ ಪಟ್ಟಿ. ಬಟ್ಟೆ ಎಳೆದೆ. ತಲೆ ನನ್ನ ಕೈಗೆ ಬಂತು.

ಬೀಳದಂತೆ ಅವುಚಿಕೊಂಡೆ, ತುಂಬಿದ ಕೊಡದಷ್ಟು ಭಾರ. ಕತ್ತು ಅಡ್ಡಕ್ಕೆ ತುಂಡಾಗಿದೆ. ಎಂದೋ ಯಾರೋ ಎರಡೂ ತುಂಡಿಗೆ ತೂತು ಕೊರೆದು ನಡುವೆ ಕಬ್ಬಿಣದ ಗೂಟ ಹಾಕಿ ನಿಲ್ಲಿಸಿದ್ದಾರೆ. ಗೂಟ ತುಕ್ಕು ಹಿಡಿದು ಕಡ್ಡಿಯಷ್ಟಾಗಿದೆ. ಇಷ್ಟು ಕಾಲ ತಲೆಯನ್ನು ನಿಲ್ಲಿಸಿದ್ದು ಬರೀ ಮೇಣ.

ತಲೆ ಎತ್ತಿಕೊಂಡು ಬಾಗಿಲಿಗೆ ಬಂದು ಎಲ್ಲರಿಗೂ ತೋರಿಸಿದೆ. “ನೋಡಿ, ಇದು ಒಡೆದು ಬಹಳ ಕಾಲವಾಗಿದೆ. ನೀವೆಲ್ಲ ಇಷ್ಟು ದಿನ ಪೂಜೆ ಮಾಡಿದ್ದು ತುಂಡಾದ ವಿಗ್ರಹಕ್ಕೆ” ಅಂದೆ. ನೊಳಂಬರ ಬಗ್ಗೆಯೂ ಹತ್ತು ನಿಮಿಷ ಹೇಳಿದೆ. ಒಬ್ಬರೂ ಪಿಟ್ಟೆನ್ನಲಿಲ್ಲ. ಇಂಥ ವಿಷಯಗಳನ್ನು ಇವರಿಗೆ ಯಾರು ಹೇಳಿದ್ದಾರೆ ಪಾಪ, ಬೆರಗಾಗಿದ್ದರು. ಮುದುಕಿ ಮಾತ್ರ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಏರಿ ಹತ್ತಿ ಹೋದಳು.

ತಲೆಯನ್ನು ದೇವಿಯ ಪಾದದ ಹತ್ತಿರ ಇಟ್ಟು ಬಂದು, ಇಲಾಖೆಯ ಡೈರೆಕ್ಟರಿಗೆ ಕಾಗದ ಬರೆದೆ. ಲಾರಿ ಕಳಿಸಿ, ಮ್ಯೂಸಿಯಮ್ಮಿನ ಮುಂಬಾಗಿಲಿನಲ್ಲಿ ಇಡುವಂಥ ವಸ್ತು ಸಿಕ್ಕಿದೆ ಎಂದು.

27-1-1969, ಸೋಮವಾರ

ಬೆರಗು ಅಲ್ಲವಂತೆ.

ಒಡೆದ ದೇವರಿಗೆ ಪೂಜೆ ಇಲ್ಲ, ಕೆರೆಗೆ ಬಿಡಬೇಕು. ಇದು ಇವರ ಕಟ್ಟಳೆ. ನನಗೂ ಗೊತ್ತಿದ್ದದ್ದೇ, ನಮ್ಮೂರಲ್ಲೂ ಹಾಗೆಯೇ. ಆದರೆ ಸಾವಿರ ವರ್ಷದ ಶಿಲ್ಪವನ್ನು ಕೆಸರಿಗೆ ಎಸೆಯುವ ಮಾತಾಡುತ್ತಾರೆಂದು ಅಂದುಕೊಂಡಿರಲಿಲ್ಲ. ಗುಡಿಗೆ ಬೀಗ ಬಿದ್ದಿದೆ. ಶಿವರಾತ್ರಿ ಕಳೆದ ಎರಡನೇ ಮಂಗಳವಾರ ತಂಬಿಟ್ಟಿನ ಆರತಿ ಇತ್ತಂತೆ, ಕೊಟ್ಟ ಹೆಣ್ಣುಮಕ್ಕಳಿಗೆಲ್ಲ ಹೇಳಿ ಕಳಿಸಿದ್ದರಂತೆ. ಈಗ ಯಾರಿಗೆ ಆರತಿ?

ಲಕ್ಷ್ಮಯ್ಯ ಶಾಲೆಗೇ ಬಂದ. “ಏನ್ ಸ್ವಾಮಿ, ರಸ್ತೆ ಕೊಡ್ಸಿ ಅಂದ್ರೆ ತಲೆ ಕಿತ್ತು ಕೈಗ್ ಕೊಟ್ರಲ್ಲ!”

“ನಾನು ಕಿತ್ತಿಲ್ಲ. ಕಿತ್ತುಹೋಗಿದ್ದನ್ನು ತೋರಿಸಿದೆ.”

“ತೋರ್ಸಿ ಅಂತ ಯಾರ್ ಕೇಳಿದ್ರು?”

ಕಂಡದ್ದನ್ನು ಹೇಳುವುದೇ ತಜ್ಞನ ಕೆಲಸ ಅಂದೆ. ಸರ್ಕಾರದ ಸ್ವತ್ತನ್ನು ಕೆರೆಗೆ ಹಾಕಿದರೆ ದೊಡ್ಡಬಳ್ಳಾಪುರದಿಂದ ಪೊಲೀಸರನ್ನು ಕರೆಸುತ್ತೇನೆ ಅಂದೆ. ಅವನು ಉಗುಳಿ ಹೋದ. ನನ್ನ ಮೇಲಲ್ಲ, ಪಕ್ಕಕ್ಕೆ. ಆದರೂ ಗೊತ್ತಾಗುವಷ್ಟು ಹತ್ತಿರ.

29-1-1969, ಬುಧವಾರ

ಊಟ ಕೊಡುತ್ತಿದ್ದ ಮನೆಯವರು ಒಲೆ ಕೆಟ್ಟಿದೆ ಅಂದರು. ಹೊಗೆ ಬರುತ್ತಿರುವುದು ಇಲ್ಲಿಗೇ ಕಾಣಿಸುತ್ತಿದೆ. ಅನೀಸ್ ಅವಲಕ್ಕಿ ನೆನೆಸಿದ. ದರಿದ್ರ ಊರು.

2-2-1969, ಭಾನುವಾರ

ಕೆಲಸವಿಲ್ಲದೆ ಕೂತು ಕೂತು ಸಾಕಾಗಿ, ಅಂದು ಕತ್ತಿನಿಂದ ತೆಗೆದ ಮೇಣದ ಗಟ್ಟಿಯನ್ನು ಚೀಲದಿಂದ ತೆಗೆದು ಚಾಕುವಿನಿಂದ ಅಡ್ಡಕ್ಕೆ ಸೀಳಿದೆ. ಒಳಗೆ ಪದರ ಪದರ. ಹನ್ನೊಂದು ಪದರ ಲೆಕ್ಕಕ್ಕೆ ಸಿಕ್ಕಿದವು, ಪದರಕ್ಕೊಂದು ಬಟ್ಟೆ. ಮೇಲಿನ ಎರಡು ಮಿಲ್ ಬಟ್ಟೆ. ಅದರ ಕೆಳಗೆ ರೇಷ್ಮೆ ಅಂಚು. ಇನ್ನೂ ಕೆಳಗೆ ಕೈನೂಲಿನದು, ಗೋಣಿಯಷ್ಟು ಒರಟು. ಮೇಲಷ್ಟೇ ಪ್ರತಿ ವರ್ಷ ಸವರಿ, ಬಟ್ಟೆ ಸಮೇತ ಪೂರ್ತಿ ಕಟ್ಟುವುದು ತಲೆಮಾರಿಗೆ ಒಮ್ಮೆಯೋ ಎರಡು ಸಲವೋ ಇರಬೇಕು. ಅಂದರೆ ಇದು ಒಡೆದು ಇನ್ನೂರು ವರ್ಷಕ್ಕೆ ಕಡಿಮೆ ಇಲ್ಲ. ಪ್ರತಿ ಪದರದಲ್ಲೂ ಒತ್ತಿದ ಬೆರಳಿನ ಗುರುತು ಇದೆ. ಎಲ್ಲ ಸಣ್ಣ ಬೆರಳು. ಹೆಂಗಸರದ್ದು.

ಇದು ವರದಿಗೆ ಬೇಕಾದ ವಿಷಯ. ಬೇರೆ ದಾರಿ ಇಲ್ಲದೆ ಮುನಿಗಂಗಮ್ಮನನ್ನು ಹುಡುಕಿಕೊಂಡು ಹೋದೆ. ಮನೆ ಮುಂದೆ ಖಾಲಿ ಕೊಡ ಇಟ್ಟುಕೊಂಡು ಕೂತಿದ್ದಳು. ಊರ ಬಾವಿಯಲ್ಲಿ ಅವಳಿಗೆ ನೀರು ಬಿಡುತ್ತಿಲ್ಲ. ಮುರುಕು ದೇವರನ್ನು ಪೂಜೆ ಮಾಡಿಸಿ ಊರಿಗೆ ಮೋಸ ಮಾಡಿದಳು ಎಂದು.

“ಒಡೆದಿರುವುದು ನಿನಗೆ ಗೊತ್ತಿತ್ತಲ್ಲಮ್ಮ?” ಅಂದೆ.

“ಗೊತ್ತಿಲ್ದೆ ಏನು? ಹದ್ನಾಕ್ ವರ್ಷಕ್ಕೆ ಈ ಮನೆಗೆ ಬಂದೆ. ಬಂದ್ ವರ್ಷವೇ ನಮ್ಮತ್ತೆ ಒಳಿಕ್ ಕರ್ಕಂಡೋಗಿ, ಬಾಗ್ಲು ಹಾಕಿ ತೋರಿಸ್ತು. ಅವರತ್ತೆ ಅವರಿಗೆ ತೋರ್ಸಿದ್ರಂತೆ. ನೋಡಾದು, ಮೆತ್ತಾದು, ಬಾಯ್ ಮುಚ್ಕಳಾದು. ಇಷ್ಟೇ ಕಣ್ ಸಾಮಿ ನಮ್ ಕಸುಬು.”

“ಅದು ಸುಳ್ಳು ಹೇಳಿದ ಹಾಗಲ್ಲವೇ?”

ಅವಳು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. “ನಿಮ್ಮವ್ವನ್ ಬೆನ್ನಲ್ಲಿ ಹುಣ್ಣಾಗಿದ್ರೆ, ತೊಳೆಯೋವಾಗ ಊರ್ ಕರೀತೀರಾ ನೀವು? ಗೊತ್ತಿರಾದ್ನೆಲ್ಲ ಎತ್ತಿ ಹಿಡ್ದು ತೋರ್ಸಾದೂ ಒಂದ್ ವಿದ್ಯೇನಾ? ಅಷ್ಟ್ ಓದಿದ್ದೀರಿ, ಯಾರೂ ಹೇಳ್ಕೊಡ್ನಿಲ್ವಾ?”

ಅವಳಿಗೆ ನೊಳಂಬರು ಗೊತ್ತಿಲ್ಲ, ಚೋಳರು ಗೊತ್ತಿಲ್ಲ. ಅದು ಯಾವ ಕಲ್ಲು ಎಂದು ಕೇಳಿದರೆ ಕರೀಕಲ್ಲು ಅನ್ನುತ್ತಾಳೆ. ನನಗೆ ಪಾಠ ಹೇಳಲು ಬರುತ್ತಾಳೆ! ಎದ್ದು ಬಂದೆ. ನನ್ನ ತಾಯಿಯ ಸುದ್ದಿ ಅವಳಿಗೆ ಯಾಕೆ? ಅವ್ವ ಸಾಯುವಾಗ ನಾನು ಮೈಸೂರಿನಲ್ಲಿ ಪರೀಕ್ಷೆ ಬರೆಯುತ್ತಿದ್ದೆ. ಹುಣ್ಣು ಯಾರು ತೊಳೆದರೋ ನನಗೆ ಗೊತ್ತಿಲ್ಲ.

6-2-1969, ಗುರುವಾರ

ಡೈರೆಕ್ಟರ ಉತ್ತರ ಬಂತು. ಬಹಳ ಮೆಚ್ಚಿದ್ದಾರೆ. ಇಪ್ಪತ್ತನೆಯ ತಾರೀಖು ಲಾರಿ, ಕಬ್ಬಿಣದ ಸರಪಳಿ, ಆರು ಜನ ಆಳು. ಪೇಪರಿನವರಿಗೂ ಹೇಳುತ್ತಾರಂತೆ. ‘ನಿಮ್ಮ ಹುದ್ದೆ ಖಾಯಂ ಆಯಿತೆಂದೇ ತಿಳಿಯಿರಿ’ ಎಂದು ಕೈಬರಹದಲ್ಲಿ ಸೇರಿಸಿದ್ದಾರೆ. ಈ ಸಾಲನ್ನು ಅನೀಸನಿಗೆ ಎರಡು ಸಲ ಓದಿ ಹೇಳಿದೆ.

ಮುನಿಗಂಗಮ್ಮ ಬೆಳಬೆಳಿಗ್ಗೆ ಕೆರೆಯಿಂದ ನೀರು ಹೊತ್ತು ಶಾಲೆ ಮುಂದೆಯೇ ಗೊಣಗಿಕೊಂಡು ಹೋಗುತ್ತಾಳೆ. ನಿದ್ದೆ ಕೆಡುತ್ತದೆ. ಅದಕ್ಕಾಗಿ ಶಾಲೆಯ ಬಾವಿಯಿಂದ ಎರಡು ಕೊಡ ಸೇದಿ ಅವರ ಬಾಗಿಲಲ್ಲಿ ಇಟ್ಟು ಬಂದೆ. ಥ್ಯಾಂಕ್ಸ್ ಇಲ್ಲ, ಏನಿಲ್ಲ. “ಕೊಡ ಸರಿಯಾಗಿ ಬೆಳಗಿಲ್ಲ” ಅಂದರು.

9-2-1969, ಭಾನುವಾರ

ಎರಡು ಕೊಡ. ಹುಣಸೆಹಣ್ಣು ಹಾಕಿ ಬೆಳಗಿದ್ದೆ. ಏನೂ ಅನ್ನಲಿಲ್ಲ.

ಬುಧವಾರ ಊರ ಪಂಚಾಯ್ತಿ. ನನ್ನನ್ನೂ ಕರೆದಿದ್ದಾರೆ. ಮುನಿಗಂಗಮ್ಮನವರನ್ನು ಊರಿನಿಂದ ಆಚೆ ಹಾಕಬೇಕು, ಪೂಜೆ ತನ್ನ ತಮ್ಮನ ಮನೆಗೆ ಬರಬೇಕು, ಕೆರೆಗೆ ಬಿಟ್ಟ ಮೇಲೆ ಹೊಸ ದೇವಿ ಮಾಡಿಸಬೇಕು ಎಂದು ಲಕ್ಷ್ಮಯ್ಯನ ಲೆಕ್ಕ. ನನಗೇನು? ನನ್ನ ವಿಗ್ರಹ ನನಗೆ ಸಿಕ್ಕರೆ ಸಾಕು. ಪೊಲೀಸರಿಗೆ ಕಾಗದ ಬರೆದಿಟ್ಟಿದ್ದೇನೆ, ಹಾಕಿಲ್ಲ. ಟಪಾಲು ಪೆಟ್ಟಿಗೆ ಇರುವುದು ತೂಬಗೆರೆಯಲ್ಲಿ. ಅಷ್ಟು ದೂರ ಯಾರು ನಡೆಯುತ್ತಾರೆ?

12-2-1969, ಬುಧವಾರ

ತಲೆ ಸಿಡಿಯುತ್ತಿದೆ. ಆದರೂ ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಅರಳಿಕಟ್ಟೆಯ ಸುತ್ತ ಇಡೀ ಊರು. ಮುನಿಗಂಗಮ್ಮನವರನ್ನು ನಡುವೆ ನಿಲ್ಲಿಸಿದ್ದರು. ಒಂದು ಚಾಪೆಯನ್ನೂ ಹಾಕಿರಲಿಲ್ಲ. ಲಕ್ಷ್ಮಯ್ಯ ಕೇಳಿದ, “ಹೇಳಮ್ಮ, ಯಾವಾಗ ಒಡೀತು? ನಿನ್ ಕಾಲ್ದಾಗೋ, ನಿಮ್ಮತ್ತೆ ಕಾಲ್ದಾಗೋ? ನಿಮ್ಮತ್ತೆ ಕಾಲ್ದಾಗೇ ಒಡ್ದಿದ್ರೆ ನಮ್ಮಪ್ಪ ಹರಕೆ ತೀರ್ಸಿದ್ದು ಯಾರಿಗೆ? ನಮ್ ಮದ್ವೆಗಳಲ್ಲಿ ಕೈ ಮುಗ್ದಿದ್ದು ಯಾರಿಗೆ?”

ಜನರಲ್ಲಿ ಗುಜುಗುಜು ಎದ್ದಿತು. ನನ್ನ ಪಕ್ಕದಲ್ಲಿ ಕೂತಿದ್ದ ಒಬ್ಬ ಮುದುಕ ಟವೆಲಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ.

ಮುನಿಗಂಗಮ್ಮನವರು ತಲೆ ಎತ್ತಿ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. “ಹೋದ್ ವರ್ಷ ಒಡೀತು. ನನ್ ಕೈ ಜಾರಿ ಬಿತ್ತು. ನಮ್ಮತ್ತೆಗೂ ಗೊತ್ತಿಲ್ಲ, ಅವರತ್ತೆಗೂ ಗೊತ್ತಿಲ್ಲ. ನಾನೇ ಮೆತ್ತಿ ಮುಚ್ಚಿಟ್ಟೆ. ಏನ್ ಮಾಡ್ತೀರೋ ನಂಗ್ ಮಾಡಿ.”

ನನಗೆ ಮೈಯೆಲ್ಲ ಉರಿದುಹೋಯಿತು. ಇನ್ನೂರು ವರ್ಷದ ಮುರಿತವನ್ನು ಹೋದ ವರ್ಷದ್ದು ಅನ್ನುವುದೇ! ಇಂಥ ತಪ್ಪು ಕಾಲನಿರ್ಣಯವನ್ನು ನನ್ನ ಎದುರಿಗೆ! ಹನ್ನೊಂದು ಪದರ ಇಲ್ಲಿ ನನ್ನ ಚೀಲದಲ್ಲಿದೆ. ನಿಜ ಹೇಳಲೆಂದೇ ಎದ್ದು ನಿಂತೆ.

“ಸುಳ್ಳು” ಅಂದೆ. “ಈಯಮ್ಮ ಹೇಳುತ್ತಿರುವುದು ಶುದ್ಧ ಸುಳ್ಳು.”

“ಹಂಗಾದ್ರೆ ನೀವೇ ಹೇಳಿ, ತಿಳ್ದೋರು. ಯಾವಾಗ ಒಡೀತು?” ಅಂದ ಲಕ್ಷ್ಮಯ್ಯ.

“ಒಡೆದೇ ಇಲ್ಲ” ಅಂದೆ.

ಯಾಕೆ ಹಾಗೆ ಅಂದೆನೋ ಗೊತ್ತಿಲ್ಲ. ಬಾಯಿಗೆ ಬಂತು. ಬಂದ ಮೇಲೆ ಹಿಂದಕ್ಕೆ ಹೋಗುವ ಹಾಗಿರಲಿಲ್ಲ. ತಲೆ ಬೇರೆ, ಮೈ ಬೇರೆ ಕಡೆದು ಕೂಡಿಸುವ ಒಂದು ಪದ್ಧತಿ ಹಿಂದೆ ಇತ್ತು ಅಂದೆ. ಇಲ್ಲ, ಅಂಥ ಪದ್ಧತಿ ಯಾವ ಕಾಲದಲ್ಲೂ ಇರಲಿಲ್ಲ. ಮೇಣ ಹಾಕಿ ಬಿಗಿಯುವುದು, ಅದನ್ನು ಹೆಂಗಸರೇ ಬಾಗಿಲು ಮುಚ್ಚಿ ಮಾಡುವುದು ಅದರ ವಿಧಿ ಅಂದೆ. ಒಬ್ಬ ಎದ್ದು, “ಅವತ್ತು ನೀವೇ ತುಂಡಾಗೈತೆ ಅಂದ್ರಲ್ಲ?” ಅಂದ.

“ಅವತ್ತು ನಾನು ತಪ್ಪು ಹೇಳಿದೆ.”

ಹದಿನೇಳು ವರ್ಷದಲ್ಲಿ ಈ ಮಾತನ್ನು ಯಾರೆದುರಿಗೂ ಹೇಳಿರಲಿಲ್ಲ. ಈಗ ಸರಿ ಹೇಳಿದ್ದಕ್ಕೆ ತಪ್ಪು ಅನ್ನಬೇಕಾಯಿತು. ಗುಡಿಗೇ ಕರೆದುಕೊಂಡು ಹೋಗಿ ತೋರಿಸಿದೆ. “ಗೂಟಕ್ಕೆ ತೂತು ನೋಡಿ, ಎರಡು ಕಡೆಗೂ ಎಷ್ಟು ನೇರವಾಗಿದೆ. ಕೈ ಜಾರಿ ಬಿದ್ದು ಒಡೆದ ಕಲ್ಲಿಗೆ ತೂತು ಎಲ್ಲಿಂದ ಬರುತ್ತೆ? ಕಡೆದವನೇ ಮಾಡಿರೋದು.” ಮುರಿತದ ಒರಟು ಮುಖಕ್ಕೆ ಹೆಬ್ಬೆರಳು ಅಡ್ಡ ಇಟ್ಟುಕೊಂಡಿದ್ದೆ. ಲಕ್ಷ್ಮಯ್ಯನ ಮುಖ ಸುಟ್ಟ ಬದನೆಕಾಯಿಯಾಯಿತು. ಜನ ಕೈ ಮುಗಿದರು. ದೇವಿಗೆ.

ಬರೆದು ಕೊಡಿ ಅಂದ ಲಕ್ಷ್ಮಯ್ಯ. ಸಹಿ ಹಾಕಿ, ‘ಶಿಲ್ಪ ತಜ್ಞರು’ ಎಂಬ ಮೊಹರು ಒತ್ತಿ ಕೊಟ್ಟೆ. ಪ್ರತಿಯನ್ನು ಇಲಾಖೆಗೂ ಕಳಿಸುತ್ತಾನಂತೆ, ಹಾಳಾದವನು.

ಮುನಿಗಂಗಮ್ಮನವರು ನನ್ನ ಕಡೆ ನೋಡಲೂ ಇಲ್ಲ. ನೇರ ಬಾವಿಗೆ ಹೋಗಿ ಕೊಡ ಇಳಿಸಿದರು.

18-2-1969, ಮಂಗಳವಾರ. ಬೆಂಗಳೂರು

ಡೈರೆಕ್ಟರ ಕೋಣೆ. ಮೇಜಿನ ಮೇಲೆ ಒಂದು ಪಕ್ಕ ನನ್ನ ಮೊದಲ ಕಾಗದ, ಇನ್ನೊಂದು ಪಕ್ಕ ಲಕ್ಷ್ಮಯ್ಯ ಕಳಿಸಿದ ಪ್ರತಿ, ನಡುವೆ ಅನೀಸನ ಹನ್ನೆರಡು ಫೋಟೋ. ಈ ಅನೀಸ್ ಯಾಕೆ ಇಷ್ಟು ಚೆನ್ನಾಗಿ ಫೋಟೋ ತೆಗೆಯುತ್ತಾನೋ. ಮುರಿತದ ಒಂದೊಂದು ಹರಳೂ ಎಣಿಸುವ ಹಾಗಿದೆ.

“ಇದು ಒಡೆದ ಕಲ್ಲು ಅಂತ ನಮ್ಮ ಜವಾನನೂ ಹೇಳ್ತಾನೆ. ನಿಮ್ಮ ಅಭಿಪ್ರಾಯ ಏನ್ರೀ?”

“ಎರಡು ತುಂಡಿನಲ್ಲಿ ಕಡೆದದ್ದು ಸಾರ್.”

“ಕಾಲ?”

ನೊಳಂಬ ಅಂದರೆ ನಾಡಿದ್ದೇ ಲಾರಿ ಹೊರಡುತ್ತದೆ. “ಇತ್ತೀಚಿನದು ಸಾರ್. ನೂರು ವರ್ಷ ಆಗಿರಬಹುದು. ಮೊದಲು ನನಗೆ ಗೊತ್ತಾಗಲಿಲ್ಲ. ಮ್ಯೂಸಿಯಮ್ಮಿಗೆ ತರುವಂಥದ್ದಲ್ಲ.”

ಅವರು ಫೋಟೋ ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದರು. ಅವರು ಕಲ್ಲಿನ ಮನುಷ್ಯರಲ್ಲ, ಆಡಳಿತದಿಂದ ಬಂದವರು. ಅನೀಸನನ್ನು ಕರೆಸಿ ಕೇಳಿದರು. “ನಾನ್ ಫೋಟೋ ತೆಗೆಯೋನು ಸಾಬ್. ಕಲ್ಲು ನಂಗೇನ್ ಗೊತ್ತು?” ಅಂದ ಅವನು ಛಾವಣಿ ನೋಡುತ್ತಾ. ಹನ್ನೊಂದು ಗಂಟೆಗೆ ಆದೇಶ ಟೈಪಾಯಿತು. ಟೈಪ್ ಮಾಡಲು ಯಾರೂ ಇರಲಿಲ್ಲವಾಗಿ ನಾನೇ ಮಾಡಿದೆ. ‘ತಜ್ಞ’ ಪದ ಇಂದಿನಿಂದ ರದ್ದು, ಹಿಂದಿನ ಹುದ್ದೆಗೆ ವಾಪಸ್. ಮಧ್ಯಾಹ್ನದ ಹೊತ್ತಿಗೆ ಕಚೇರಿಯಲ್ಲಿ ನನಗೊಂದು ಹೆಸರು ಬಿದ್ದಿತ್ತು, ‘ಎರಡು ತುಂಡಿನ ಎಕ್ಸ್‌ಪರ್ಟು’. ನಕ್ಕವರಲ್ಲಿ ಒಬ್ಬನಿಗೂ ನೊಳಂಬರ ಓಲೆಗೂ ಹೊಯ್ಸಳರ ಓಲೆಗೂ ವ್ಯತ್ಯಾಸ ಗೊತ್ತಿಲ್ಲ.

ಅನೀಸ್ ಟೀ ಕುಡಿಸಿ, “ಯಾಕ್ ಸಾಬ್ ಹಿಂಗ್ ಮಾಡ್ಕೊಂಡ್ರಿ?” ಅಂದ. ನಿನಗೆ ಯಾಕೆ ಅದೆಲ್ಲ ಅಂದೆ.

24-2-1969, ಸೋಮವಾರ. ತೂಬಗೆರೆ ಬಸ್ ನಿಲ್ದಾಣ

ರಜಾ ಹಾಕಿ ಬಂದಿದ್ದೆ. ನಾಳೆ ಆರತಿ. ಮೇಣ ಕಿತ್ತಿದ್ದು ನಾನು, ತಲೆ ಸರಿಯಾಗಿ ಕೂತಿದೆಯೋ ಇಲ್ಲವೋ ನೋಡಿ ಹೋಗೋಣ ಎಂದು. ಬೇರೆ ಕಾರಣವಿಲ್ಲ.

ಗುಡಿ ಬಾಗಿಲಲ್ಲಿ ಮುನಿಗಂಗಮ್ಮನವರು ಒಲೆ ಹೂಡಿ ಮಡಕೆಯಲ್ಲಿ ಏನೋ ಕಾಯಿಸುತ್ತಿದ್ದರು. ನನ್ನನ್ನು ನೋಡಿ, “ಬಂದ್ರಾ? ಎಷ್ಟೊತ್ತು?” ಅಂದರು, ಬರಹೇಳಿದ್ದವರ ಹಾಗೆ.

“ನಾನು ಬರುತ್ತೇನೆಂದು ಯಾರು ಹೇಳಿದರು?”

“ನಂಗೆ ಸೊಸೆ ಇಲ್ಲ. ಮಗಳ್ನ ಮಾಲೂರ್ ಕಡೆ ಕೊಟ್ಟೀನಿ. ಪೂರ್ತಿ ಕಟ್ಟೋವಾಗ ತಲೆ ಎತ್ತಿ ಹಿಡ್ಕಳಕ್ಕೆ ಇನ್ನೊಂದ್ ಜೊತೆ ಕೈ ಬೇಕು. ಊರಲ್ಲಿ ಯಾರ್ನ ಕರೀಲಿ? ಕಂಡಿರೋರು ನೀವೊಬ್ರೇ.” ಸೌಟಿನಿಂದ ನನ್ನ ಚೀಲದ ಕಡೆ ತೋರಿಸಿದರು. “ಚಪ್ಲಿ ಬಿಡಿ, ಕೈಕಾಲ್ ತೊಳ್ಕಳಿ. ಆ ಬರೆಯೋ ಪುಸ್ತಕ ಹೊರಗೇ ಇರ್ಲಿ.”

ಹೆಂಗಸರೇ ಮಾಡುವ ಕೆಲಸವಲ್ಲವೇ ಅಂದೆ. “ಅದು ನೀವು ಅವತ್ತು ಕಟ್ಟೇಲಿ ಹೇಳಿದ್ ಶಾಸ್ತ್ರ. ನಮ್ದಲ್ಲ” ಅಂದರು.

ಒಳಗೆ ಹೋದೆವು. ಬಾಗಿಲು ಹಾಕಿದರು. ಎರಡು ಗಂಟೆಯ ಮೇಲಾಯಿತು. ಸೊಟ್ಟ ಹಿಡಿದೆನೆಂದು ಮೂರು ಸಲ ಬೈದರು. ತೋಳು ಈಗಲೂ ನಡುಗುತ್ತಿದೆ, ಅಕ್ಷರ ಸೊಟ್ಟಗೆ ಬರುತ್ತಿದೆ.

ಮಡಕೆಯಲ್ಲಿ ಏನೇನಿತ್ತು, ಎಷ್ಟೆಷ್ಟು ಇತ್ತು, ಯಾವ ಬಟ್ಟೆ, ಎಷ್ಟು ಸುತ್ತು, ಸುತ್ತುವಾಗ ಏನು ಹೇಳಿಕೊಂಡರು, ಎಲ್ಲವನ್ನೂ ನೋಡಿದೆ. ಕೊನೆಯ ಪದರವನ್ನು ನನ್ನ ಹೆಬ್ಬೆರಳಿನಿಂದ ಒತ್ತಿಸಿದರು. ಇದರ ಬಗ್ಗೆ ಇಡೀ ಮೈಸೂರು ರಾಜ್ಯದಲ್ಲಿ ತಿಳಿದಿರುವವರು ಇಬ್ಬರೇ.

ಇಲ್ಲಿ ಬರೆಯುವುದಿಲ್ಲ.